ಖಂಡೇಪೂಜಿಗೆ ಹ್ವಾದ ಈಮೇಲುಗಳು

ಹ್ವಾದ ತಿಂಗಳ ಶಿಗ್ಗಾಂವಿ ಬಸ್ ಸ್ಟ್ಯಾಂಡ್ ಮುಂದಿನ ನನ್ನ ಅಂಗಡಿ ಕೀಲಿ ಇನ್ನೊಬ್ಬರ ಕೈಯಾಗ ಇಟ್ಟೆ. ಬೆನ್ನು ನೋಯ್ತೈತಿ, ಕಣ್ಣು ಮೊದಲಿನಂಗಿಲ್ಲ, ಸಾಕು ಅನಿಸ್ತು. ಈ ಕೆಲಸಕ್ಕ ಹೊಸದಾಗಿ ಬರಾಕತ್ತಿರೋ ಹುಡುಗ್ಯಾರು ಗಂಟು ಬಿದ್ರು: "ಅಕ್ಕೋರ, ಇಷ್ಟ ವರ್ಷ ನೀವು ಮಾಡಿದ್ದನ್ನ ಒಂದಿಷ್ಟು ಬರದ ಕೊಡ್ರಿ." ಕಂಪ್ಯೂಟರ್ ರಿಪೇರಿ ಹೆಂಗ ಮಾಡೋದು ಅನ್ನೋದು ನಿಮ್ಮ ಫೋನಿನಾಗ ವಿಡಿಯೋ ನೋಡಿದ್ರ ತಿಳೀತೈತಿ, ಅದನ್ನ ನಾ ಬರಿಯಂಗಿಲ್ಲ. ಮಷಿನ್ ಮುಂದ ಕುಂತಾಗ ನಮ್ಮ ಕೈ ಏನೇನು ಕಿತಾಪತಿ ಮಾಡ್ತಾವ ಅನ್ನೋದನ್ನ ಬರಿತೇನಿ.

ಮೊದಲ ಹೇಳಿಬಿಡ್ತೇನಿ, ನಾ ಜಂಬದ ಹೆಂಗಸು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಕು ತಾಲ್ಲೂಕಿನಾಗ ಕಳಕೊಂಡ ಈಮೇಲ್ ಹೊಳ್ಳಿ ತರೋದ್ರಾಗ ನನ್ನ ಮೀರಿಸೋರು ಯಾರೂ ಇದ್ದಿಲ್ಲ. ಖರೇ ಇದ್ದದ್ದು ಹೇಳಾಕ ನಾಚಿಕಿ ಯಾಕ? ಆದ್ರ ಆ ಜಂಬ ಬರೋಕಿಂತ ಮೊದಲ ನಾ ಮಾಡಿದ ತಪ್ಪು ಎಂಥಾದ್ದು ಅಂತ ಗೊತ್ತಾಗಿದ್ರ ಯಾರೂ ನನ್ನ ಒಳಗ ಕರೀತಿದ್ದಿಲ್ಲ.

ನಾ ಹುಟ್ಟಾ ಕಂಪ್ಯೂಟರಿನಾಕಿ ಅಲ್ಲ. ಶಿಗ್ಗಾಂವಿಯೊಳಗ ಹಿರೇಮಠ ಮಾಸ್ತರು ಅಂತ ಇದ್ರು, ಅವರ ಟೈಪಿಂಗ್ ಕ್ಲಾಸಿನಾಗ ಕಲಿಸ್ತಿದ್ದೆ. ಅದಕ್ಕ ಮಂದಿ ಇವತ್ತಿಗೂ ನನಗ ಅಕ್ಕೋರು ಅಂತಾರ, ಸುಶೀಲಾ ಅನ್ನೋ ಹೆಸರು ರೇಷನ್ ಕಾರ್ಡಿನಾಗಷ್ಟ ಐತಿ. ಟೈಪ್ ಮಷಿನ್ ಯಾರಿಗೂ ಬ್ಯಾಡಾದಾಗ ಮಾಸ್ತರು ಎರಡು ಕಂಪ್ಯೂಟರ್ ತಂದ್ರು, ನನ್ನ ಹುಬ್ಬಳ್ಳಿಗೆ ಕಲಿಯಾಕ ಕಳಿಸಿದ್ರು, ಬಂದ ಮ್ಯಾಲೆ ರಿಪೇರಿ ಅಂಗಡಿ ತಗದು ಕುಂದ್ರಿಸಿದ್ರು. ಭಾಳ ಚಲೋ ಮನಷ್ಯಾ. ಆದ್ರ ಅವರದೊಂದು ಪಾಠ ಇತ್ತು: "ಸುಶೀಲಾ, ಗಿರಾಕಿ ಮುಂದ ಕೈ ಸುಮ್ನ ಇಡಬ್ಯಾಡ. ಗೊತ್ತಿರ್ಲಿ ಬಿಡ್ಲಿ, ಏನರ ಒತ್ತಕೋತ ಇರು. ಕೈ ನಿಂತ್ರ ಈಕಿಗೆ ಕೆಲಸ ಬರೂದಿಲ್ಲ ಅಂತ ತಿಳ್ಕೋತಾರ." ನಾನೂ ಹೂಂ ಅಂದು ಅದನ್ನ ತಲ್ಯಾಗ ಹಾಕ್ಕೊಂಡೆ.

ಆ ಪಾಠ ನನ್ನ ಹಾನಗಲ್ಲಿನಾಗ ಮುಳುಗಿಸ್ತು. ಅಲ್ಲಿ ದೇಸಾಯಿ ಸರ ಅಂತ ರಿಟೈರ್ ಆದ ಹೆಡ್‌ಮಾಸ್ತರು. ತಾವು ಕಲಿಸಿದ ಸಾಲಿಗೆ ನೂರು ವರ್ಷ ತುಂಬತಾವಂತ ಹಳೇ ವಿದ್ಯಾರ್ಥಿಗಳ ನೆನಪಿನ ಪುಸ್ತಕ ಮಾಡಾಕ ಹೊಂಟಿದ್ರು. ಎಲ್ಲೆಲ್ಲಿಂದಲೋ ಮಂದಿ ಬರದ ಕಳಿಸಿದ್ದೆಲ್ಲ ಅವರ ಕಂಪ್ಯೂಟರಿನ ಈಮೇಲ್ ಪ್ರೋಗ್ರಾಮಿನಾಗ ಇತ್ತು. ಒಂದಿನ ಆ ಪ್ರೋಗ್ರಾಮ್ ತೆರಿಯೂದ ಬಿಡ್ತು. ನಾ ಹೋದೆ. ಸರ ಬಾಜೂಕ ಕುರ್ಚಿ ಹಾಕ್ಕೊಂಡು ನನ್ನ ಕೈಯನ್ನ ನೋಡಾಕತ್ರು. ಏನಾಗೈತಿ ಅಂತ ನನಗ ಗೊತ್ತಾಗವಲ್ದು, ಆದ್ರ ಕೈ ನಿಲ್ಲಬಾರದಲ್ಲ! ಹಳೇ ಪ್ರೋಗ್ರಾಮ್ ಕಿತ್ತೆ, ಹೊಸಾದ್ದು ಹಾಕಿದೆ, ಅದು ಸರಿ ಬರಲಿಲ್ಲಂತ ಮತ್ತೊಂದು ಹಾಕಿದೆ. ಕಡೀಕ ಪ್ರೋಗ್ರಾಮ್ ಚಂದಾಗಿ ತೆರೀತು, ಒಳಗ ನೋಡಿದ್ರ ಒಂದೂ ಪತ್ರ ಇಲ್ಲ.

ಕಂಪ್ಯೂಟರಿನಾಗ ಅಳಿಸೋದು ಅಂದ್ರ ಅಳಿಸೋದಲ್ಲ ಅನ್ನೋದು ನನಗ ಆಮ್ಯಾಲೆ ತಿಳೀತು. ಪಟ್ಟಿಯಿಂದ ಹೆಸರಷ್ಟ ಹೋಗ್ತೈತಿ, ಬರದದ್ದು ಡಿಸ್ಕಿನಾಗ ಇದ್ದಲ್ಲೇ ಇರ್ತೈತಿ. ಬಸ್ಸಿನ ಸೀಟಿನ ಮ್ಯಾಲಿಂದ ಟವೆಲ್ ಎತ್ತಿದಂಗ ಅಷ್ಟ, ಇನ್ನೊಬ್ಬರು ಬಂದು ಕುಂಡ್ರೂತನಾ ಸೀಟು ಹೋಗಂಗಿಲ್ಲ. ನಾ ಏನ ಮಾಡಿದ್ದೆ? ಹೊಸಾ ಪ್ರೋಗ್ರಾಮುಗಳನ್ನ ಒಂದರ ಮ್ಯಾಲೊಂದು ತಂದು ಆ ಸೀಟಿನಾಗ ಕುಂದ್ರಿಸಿದ್ದೆ. ಆಮ್ಯಾಲೆ ಹುಡುಕಿಸಿದಾಗ ಅರ್ಧಷ್ಟ ಪತ್ರ ಸಿಕ್ವು, ಉಳಿದರ್ಧ ಹೋಗೇಬಿಟ್ವು. ಬರದವರಾಗ ಒಬ್ರು ಅಷ್ಟರಾಗ ತೀರಿಕೊಂಡಿದ್ರು, ಅವರನ್ನ ಇನ್ನೊಮ್ಮೆ ಬರೀರಿ ಅಂತ ಯಾರು ಕೇಳಬೇಕು? ಸರ ಬಯ್ಯಲಿಲ್ಲ. ಚಾ ಕುಡಿಸಿ, ಬಾಗಲ ತನಕ ಬಂದು, "ಅಕ್ಕೋರ, ಇನ್ನೊಬ್ಬರ ಮನ್ಯಾಗ ಹಿಂಗ ಮಾಡಬ್ಯಾಡ್ರಿ" ಅಂದ್ರು. ಬಯ್ದಿದ್ರ ಚಲೋ ಇತ್ತು. ಶಿಗ್ಗಾಂವಿ ಮುಟ್ಟೂತನಾ ಬಸ್ಸಿನಾಗ ಸೆರಗು ಬಾಯಿಗೆ ಇಟ್ಕೊಂಡು ಅತ್ತೇನಿ.

ಮರುದಿನ ಹಿರೇಮಠ ಮಾಸ್ತರ ಮುಂದ ನಿಂತು ಹೇಳಿದೆ, "ಸರ, ಇನ್ನ ಮ್ಯಾಲೆ ನಾ ಮೊದಲ ಮಷಿನ್ ಮ್ಯಾಲಿಂದ ಕೈ ತಗಿತೇನಿ. ಗಿರಾಕಿ ನಕ್ಕರ ನಗಲಿ." ಮಾಸ್ತರು ಮಾರಿ ಕೆಂಪ ಮಾಡ್ಕೊಂಡು, "ಹಂಗಾರ ಅಂಗಡಿ ಮುಚ್ಚೂಣೇನು?" ಅಂದ್ರು. ಮುಚ್ಚಲಿಲ್ಲ. ನನ್ನ ಕೆಲಸದ ಮೊದಲ ಅರ್ಧ ತಾಸು ಅವತ್ತಿನಿಂದ ಬರೇ ಕೈಕಟ್ಟಿ ಕುಂತು ಕೇಳೋದ್ರಾಗ ಹೋಗಾಕ ಹತ್ತು. ಏನ ಮಾಡಿದ್ರಿ, ಯಾವಾಗಿಂದ ಹಿಂಗಾತು, ಅದಕ್ಕಿಂತ ಮೊದಲ ಏನ ಒತ್ತಿದ್ರಿ, ಎಲ್ಲಾ.

ಅದರ ಲಾಭ ಸವಣೂರಿನಾಗ ಕಂಡೆ. ಅಲ್ಲೊಬ್ಬ ವೀಳ್ಯದೆಲಿ ವ್ಯಾಪಾರಿ, ಈಮೇಲಿನ ಮ್ಯಾಲೆ ಊರಾಚೆ ಆರ್ಡರ್ ತಗೋಳೋ ಮನಷ್ಯಾ. "ನಾಕು ದಿನದಿಂದ ಒಂದೂ ಹೊಸಾ ಮೇಲ್ ಇಲ್ಲರಿ, ಎಲ್ಲಾ ಹಾಳಾತು, ಹೊಸಾ ಕಂಪ್ಯೂಟರ್ ತಗೋಬೇಕಂತ ನಮ್ಮ ತಮ್ಮ ಅಂದಾನ" ಅಂತ ಫೋನಿನಾಗ ಒಂದ ಸವನ ಒದರಿದ. ಹೋಗಿ ಕೈಕಟ್ಟಿ ಕುಂತೆ. ಆತ ಚಡಪಡಿಸಿದ, "ಅಕ್ಕೋರ, ಏನರ ಮಾಡ್ರಿ!" ನಾ ನೋಡಿದೆ. ತಾರೀಖು ಅನ್ನೋ ಪಟ್ಟಿಯ ಮ್ಯಾಲೆ ಯಾರೋ ಒತ್ತಿದ್ರು, ಹಳೇವು ಮ್ಯಾಲೆ ಬಂದು ಹೊಸಾವು ಕೆಳಗ ಹೋಗಿ ಕುಂತಿದ್ವು. ಒಂದ ಸಲ ಒತ್ತಿದೆ, ನಾಕು ದಿನದ ಆರ್ಡರ್ ಎಲ್ಲಾ ಮ್ಯಾಲೆ ಹಾಜರು. ಆತ ಪರದೆಗೂ ಕೈ ಮುಗದ, ನನಗೂ ಮುಗದ. ಒಂದು ಕಟ್ಟು ಎಲಿ ಕೊಟ್ಟು ಕಳಿಸಿದ, ಓಣಿ ಮಂದಿಯೆಲ್ಲಾ ಎರಡು ದಿನ ತಿಂದ್ರು.

ಇಂಥಾವು ಭಾಳ ಆದ್ವು, ನನ್ನ ಹೆಸರೂ ಆತು. ಆದ್ರ ಹಿರೇಕೆರೂರಿನ ಕೆಲಸ ಒಂದು ಇರದಿದ್ರ ನಾ ಇದನ್ನ ಬರೀತಿದ್ದಿಲ್ಲ.

ಹಿರೇಕೆರೂರಿನ ಬಾಜೂಕಿನ ಒಂದು ಹಳ್ಳ್ಯಾಗ ನಲವತ್ತು ಹೆಣ್ಣಮಕ್ಕಳು ಕೂಡಿ ಮೆಣಸಿನಕಾಯಿ ಬೀಜ ಬೆಳೀತಾರ. ಬೀಜದ ಕಂಪನಿ ಗಂಡು ಜಾತಿ, ಹೆಣ್ಣು ಜಾತಿ ಅಂತ ಎರಡು ಥರದ ಬೀಜ ಕೊಡ್ತೈತಿ. ಇವರು ಎರಡನ್ನೂ ಬ್ಯಾರೆ ಬ್ಯಾರೆ ಸಾಲಿನಾಗ ಹಚ್ಚಿ, ಹೆಣ್ಣು ಗಿಡದ ಮೊಗ್ಗಿ ಅರಳೋಕಿಂತ ಮೊದಲ ಚಿಮಟಾದಿಂದ ಬಿಡಿಸಿ, ಗಂಡು ಹೂವಿನ ಪುಡಿ ಮುಟ್ಟಿಸಿ, ದಾರ ಕಟ್ಟಬೇಕು. ಕ್ರಾಸಿಂಗ್ ಅಂತಾರ ಅದಕ್ಕ. ಮುಂಜಾನಿಂದ ಸಂಜೀ ತನಕ ಬಗ್ಗಿ ಒಂದೊಂದು ಹೂವಿಗೂ ಮಾಡೋ ಕೆಲಸ. ಈ ಸಂಘಕ್ಕ ಚೆನ್ನವ್ವ ಅಧ್ಯಕ್ಷಿ. ಓದು ಬರಹ ಇಲ್ಲ, ಆದ್ರ ಆಕಿ ಮಾತು ಯಾರೂ ಮೀರಂಗಿಲ್ಲ. ಆಫೀಸಿನ ಕಂಪ್ಯೂಟರ್ ನೋಡೋದು ರೇಣುಕಾ, ಡಿಗ್ರಿ ಮುಗಿಸಿ ಆ ಊರಿಗೇ ಸೊಸಿಯಾಗಿ ಬಂದಾಕಿ.

ಹಿಂದಿನ ವರ್ಷ ಕಂಪನಿ ಸಾಹೇಬ ಒಂದು ಈಮೇಲ್ ಕಳಿಸಿದ್ದ. ಕೆಂಪು ಚೀಟಿ ಚೀಲದಾಗ ಹೆಣ್ಣು, ಹಸರು ಚೀಟಿ ಚೀಲದಾಗ ಗಂಡು ಅಂತ. ರೇಣುಕಾ ಓದಿ ಹೇಳಿದ್ಲು, ನಲವತ್ತೂ ಮಂದಿ ಹಂಗ ಹಚ್ಚಿದ್ರು. ಬೆಳೆ ಬಂತು, ಬೀಜ ಕೊಟ್ರು. ಕಂಪನಿಯವರು ಆ ಬೀಜ ಹಚ್ಚಿ ಪರೀಕ್ಷಾ ಮಾಡಿದಾಗ ಗಂಡು ಹೆಣ್ಣು ಅದಲು ಬದಲಾಗೈತಿ ಅಂತ ಗೊತ್ತಾತು. ಸಾಹೇಬ ಬಂದು ಸೀದಾ ಹೆಣ್ಣಮಕ್ಕಳ ಮ್ಯಾಲೆ ಹಾಕಿದ: "ನಾ ಸರಿಯಾಗೇ ಬರದೇನಿ, ಹಸರು ಹೆಣ್ಣು ಅಂತ. ನೀವ ಚೀಲ ಅದಲಿ ಬದಲಿ ಮಾಡೀರಿ. ಬೀಜಾನೂ ಬ್ಯಾಡ, ಮುಂದ ನಿಮ್ಮ ಊರಿಗೆ ಬೀಜ ಬೆಳಿಯೋ ಪ್ಲಾಟೂ ಕೊಡಂಗಿಲ್ಲ." ದಸರಾ ಮುಗಿದ ಮರು ಸೋಮವಾರ ಕಂಪನಿಯ ದೊಡ್ಡ ಮೇಡಮ್ಮಾರು ಬರೋರಿದ್ರು, ಅವರ ಮುಂದ ತೀರ್ಮಾನ ಆಗಬೇಕಿತ್ತು. ಚೆನ್ನವ್ವ ಅಂಜಲಿಲ್ಲ. "ಆತ ಕಳಿಸಿದ ಕಾಗದ ನಮ್ಮ ಮಷಿನ್ನಾಗ ಐತಿ. ಹಬ್ಬ ಮುಗೀಲಿ, ತಗದು ಮಾರಿ ಮ್ಯಾಲೆ ಹಿಡೀತೇನಿ" ಅಂದಿದ್ಲು.

ಆದ್ರ ನಡುವ ಖಂಡೇಪೂಜಿ ಬಂತು. ನಮ್ಮ ಕಡೆ ಅವತ್ತ ಕುಡಗೋಲು, ನೇಗಲಾ, ಟ್ರ್ಯಾಕ್ಟರು, ಹೊಲಿಗಿ ಮಷಿನ್, ದುಡಿಯೋ ಸಾಮಾನಿಗೆಲ್ಲಾ ತೊಳದು ಬಳದು ಪೂಜಿ ಮಾಡಿ ವಿಶ್ರಾಂತಿ ಕೊಡ್ತೇವಿ. ಪೂಜಿ ಆದ ಮ್ಯಾಲೆ ಬನ್ನಿ ಮುಡಿಯೋತನಾ ಅದನ್ನ ಮುಟ್ಟಂಗಿಲ್ಲ. ರೇಣುಕಾ ಕಂಪ್ಯೂಟರ್ ಒರಿಸಿದ್ಲು. ಹೊರಗಷ್ಟ ಯಾಕ, ಒಳಗೂ ಸ್ವಚ್ಛ ಆಗಲಿ ಅಂತ ಬ್ಯಾಡಾದ ಈಮೇಲ್ ಅಳಿಸಿದ್ಲು. ಪ್ರೋಗ್ರಾಮ್ ಆಕಿನ್ನ ಕೇಳ್ತು: ಖಾಲಿ ಜಾಗ ಬಿಗಿ ಮಾಡ್ಲಿ? ಆಕಿ ಹೂಂ ಅಂತ ಒತ್ತಿದ್ಲು. ಹಂಗ ಬಿಗಿ ಮಾಡೋವಾಗ ಅದು ಹಳೇ ಪತ್ರದ ಕಟ್ಟನ್ನ ತಗದು ಹೊಸಾ ಕಟ್ಟು ಬರೀತೈತಿ, ನಡುವ ಯಾರೂ ತಡೀಬಾರದು. ಅಷ್ಟರಾಗ ಹೊರಗ ಗಂಟಿ ಬಾರಿಸಿದ್ರು. ಚೆನ್ನವ್ವ ಒಳಗ ಬಂದು, "ಪೂಜಿ ಹೊತ್ತಿಗೆ ಇದಿನ್ನೂ ದುಡಿಯಾಕತ್ತೈತೇನ!" ಅಂದು ಗ್ವಾಡಿ ಮ್ಯಾಲಿನ ಮೇನ್ ಸ್ವಿಚ್ ಖಟ್ ಅಂತ ಇಳಿಸಿಬಿಟ್ಲು.

ಬನ್ನಿ ಮುಗಿಸಿ ಗುರುವಾರ ಮುಂಜಾನೆ ಹಚ್ಚಿ ನೋಡ್ತಾರ, ಈಮೇಲ್ ಒಂದೂ ಇಲ್ಲ. ರೇಣುಕಾ ಅಳಕೋತ ಫೋನ್ ಮಾಡಿದ್ಲು. ನಾ ಮೊದಲ ಕೇಳಿದ್ದು ಒಂದ: "ಆಮ್ಯಾಲೆ ಏನೇನು ಮುಟ್ಟಿರಿ?"

"ಏನೂ ಇಲ್ಲರಿ ಅಕ್ಕೋರ. ನಮ್ಮ ಮೈದುನ ಹೊಸಾ ಪ್ರೋಗ್ರಾಮ್ ಹಾಕ್ತೇನಿ ಅಂತ ಬಂದಿದ್ದ. ಚೆನ್ನವ್ವತ್ತಿ ಬಿಡಲಿಲ್ಲ. ಮಷಿನ್ ಮುನಿಸಿಕೊಂಡೈತಿ, ಯಾರೂ ಮುಟ್ಟಬ್ಯಾಡ್ರಿ ಅಂತ ಕುಂಕುಮ ಹಚ್ಚಿ, ಅರಿವಿ ಮುಚ್ಚಿ, ಬಾಗಲಕ್ಕ ಕೀಲಿ ಹಾಕ್ಯಾಳ."

ಅಯ್ಯ ಶಿವನ! ನನಗ ಫೋನ್ ಹಿಡ್ಕೊಂಡ ಕುಣಿಯೂವಷ್ಟು ಖುಷಿ ಆತು. ಹುಬ್ಬಳ್ಳಿಗೆ ಹೋಗಿ ಕಲತ ಬಂದ ನಾ ಹಾನಗಲ್ಲಿನಾಗ ಮಾಡಲಾರದ್ದನ್ನ ಸಾಲಿ ಮುಖ ನೋಡದ ಆಕಿ ಮಾಡಿದ್ಲು.

ಮಧ್ಯಾಹ್ನ ಹೋಗಿ ಡಿಸ್ಕ್ ಬಿಚ್ಚಿದೆ. ಅದನ್ನ ಮೆತ್ತನ್ನ ಅರಿವಿಯೊಳಗ ಸುತ್ತಿ ಬುತ್ತಿ ಡಬ್ಬಿಯಾಗ ಇಟ್ಕೊಂಡೆ. ಚೆನ್ನವ್ವ ಚಪ್ಪಲಿ ಮೆಟ್ಟಿ ತಯಾರಾಗಿ ನಿಂತಿದ್ಲು. "ನಲವತ್ತು ಮಂದಿ ಮಾನ ಆ ಡಬ್ಬ್ಯಾಗ ಐತಿ ಅಕ್ಕೋರ. ನಾನೂ ಬರ್ತೇನಿ." ಹಾನಗಲ್ಲ ಮ್ಯಾಲಿಂದ ಶಿಗ್ಗಾಂವಿಗೆ ಬಸ್ ಹಿಡದ್ವಿ. ಅರ್ಧ ದಾರಿ ಆಕಿ ನನ್ನ ತೊಡಿ ಮ್ಯಾಲಿನ ಡಬ್ಬಿಗೆ ಕೈ ಹಚ್ಚಿ ಕುಂತ್ಲು. ಆಮ್ಯಾಲೆ ಸಣ್ಣ ದನಿಯಾಗ, "ಮೇನ್ ಇಳಿಸಿದಾಕಿ ನಾನರಿ. ಮಂದಿ ಎಲ್ಲಾ ರೇಣುಕಾನ್ನ ಅನ್ನಾಕತ್ತಾರ, ಆ ಹುಡುಗಿ ನನ್ನ ಹೆಸರ ಎತ್ತಿಲ್ಲ" ಅಂದ್ಲು.

ನಾನೂ ಬಾಯಿ ಬಿಟ್ಟೆ. "ಚೆನ್ನವ್ವಾ, ನಂದೂ ಕೇಳ್ರಿ. ಈಮೇಲ್ ಕಂಪ್ಯೂಟರಿಗೆ ಬಂದ ಕೂಡ್ಲೆ ಇಂಟರ್ನೆಟ್ಟಿನಾಗಿರೋ ಮೂಲ ಪೆಟ್ಟಿಗಿಯಿಂದ ಅಳಿಸಿಬಿಡು ಅಂತ ನಿಮ್ಮ ಮಷಿನ್ನಾಗ ಗುರುತು ಹಾಕಿದಾಕಿ ನಾನ. ಆವಾಗ ಜಾಗ ಸಾಲ್ತಿದ್ದಿಲ್ಲಂತ ಎಲ್ಲರೂ ಹಂಗ ಮಾಡ್ತಿದ್ವಿ. ಜಾಗ ಹೆಚ್ಚಾದ ಮ್ಯಾಲೆ ಬಂದು ತಗೀಬೇಕಿತ್ತು, ಮರತೆ. ಅಲ್ಲೊಂದು ಪ್ರತಿ ಉಳದಿದ್ರ ಇವತ್ತ ಈ ಬಸ್ಸಿನಾಗ ನಾವಿಬ್ರೂ ಇರ್ತಿದ್ದಿಲ್ಲ."

ಆಕಿ ನನ್ನ ನೋಡಿದ್ಲು, ನಾ ಆಕಿನ್ನ ನೋಡಿದೆ. "ಹಂಗಾರ ಇಬ್ಬರೂ ಕಳ್ಳರ ಅನ್ನಿ" ಅಂದು ನಕ್ಕುಬಿಟ್ಲು. ಬಸ್ ಹಾನಗಲ್ಲ ಸ್ಟ್ಯಾಂಡಿನಾಗ ನಿಂತಾಗ ನಾ ಕಿಡಕಿ ಕಡೆ ಮಾರಿ ತಿರವಲಿಲ್ಲ. ದೇಸಾಯಿ ಸರ ಎಲ್ಲ್ಯರ ಕಂಡಾರು ಅಂತ ಅಂಜಿ ಡಬ್ಬಿ ಗಟ್ಟಿಯಾಗಿ ಹಿಡ್ಕೊಂಡೆ.

ಶುಕ್ರವಾರ ಮುಂಜಾನೆ ಡಿಸ್ಕನ್ನ ನನ್ನ ಮಷಿನಿಗೆ ಹಚ್ಚಿದೆ, ಅದರ ಮ್ಯಾಲೆ ಒಂದಕ್ಷರಾನೂ ಬೀಳದಂಗ ತಡದು, ಇಡೀ ಡಿಸ್ಕಿನ ಪ್ರತಿ ತಗಿಯಾಕ ಬಿಟ್ಟೆ. ಹುಡುಗ್ಯಾರ, ಇದನ್ನ ಗಟ್ಟಿ ನೆನಪಿಡ್ರಿ: ಹುಡುಕೋದೆಲ್ಲಾ ಪ್ರತಿಯೊಳಗ, ಮೂಲ ಎತ್ತಿಡಬೇಕು. ಸಂಜೀತನಾ ಅದ ನಡೀತು. ನಮ್ಮನ್ಯಾಗ ಉಳಕೊಂಡಿದ್ದ ಚೆನ್ನವ್ವ ಸ್ಟೂಲ್ ಮ್ಯಾಲೆ ಕುಂತು ತಾಸಿಗೊಮ್ಮೆ, "ಏನಾತ್ರಿ?" "ನಡದೈತಿ." "ನೀವು ಸುಮ್ನ ಕುಂತೀರಲ್ರಿ?" "ಸುಮ್ನ ಕುಂಡ್ರೋದ ಕೆಲಸ ಐತಿ ಚೆನ್ನವ್ವಾ." ಆಕಿ ಹೂಂ ಅಂತಿದ್ಲು, ಆದ್ರ ನಂಬಿದ್ಲೋ ಇಲ್ಲೋ ದೇವರಿಗೇ ಗೊತ್ತು.

ಶನಿವಾರ ಹುಡುಕಾಕ ಕುಂತೆ. ಈಮೇಲಿನ ಬರಹ ಡಿಸ್ಕಿನಾಗ ಬಿಚ್ಚಿದಂಗ ಇರ್ತೈತಿ, ಶಬ್ದ ಕೊಟ್ರ ಸಿಗ್ತೈತಿ. ಕೆಂಪು ಚೀಟಿ ಅನ್ನೋದಕ್ಕ ಸಾಹೇಬ ಇಂಗ್ಲಿಷಿನಾಗ ಬರದ ಶಬ್ದ ರೇಣುಕಾಗ ನೆನಪಿತ್ತು, ಫೋನಿನಾಗ ಕೇಳಿ ಅದನ್ನ ಕೊಟ್ಟೆ. ತಾಸೊತ್ತಿನಾಗ ಸಿಕ್ತು. "ಕೆಂಪು ಚೀಟಿ ಹೆಣ್ಣು, ಹಸರು ಚೀಟಿ ಗಂಡು." ನಾ ಓದಿ ಹೇಳಿದ್ದ ತಡ, ಚೆನ್ನವ್ವ ಸ್ಟೂಲ್ ಬಿಟ್ಟು ಎದ್ದು ನಿಂತ್ಲು.

"ಕುಂಡ್ರಿ, ಇನ್ನೂ ಮುಗದಿಲ್ಲ" ಅಂದೆ. ಸಿಕ್ಕದ್ದು ಪತ್ರದ ಕೆಳಗಿನ ತುಂಡು. ಯಾರು ಕಳಿಸಿದ್ರು, ಯಾವತ್ತ, ಯಾವ ದಾರಿಲೆ ಬಂತು ಅಂತಿರೋ ತಲಿ ಭಾಗ ಡಿಸ್ಕಿನ ಬ್ಯಾರೆ ಕಡೆ ಎಲ್ಲೋ ಇತ್ತು. ತಲಿ ಇಲ್ಲದ ತುಂಡು ಒಯ್ದ್ರ, ನೀವ ಟೈಪ್ ಮಾಡೀರಿ ಅಂತ ಸಾಹೇಬ ಅಂದಾನು. ಸಾಹೇಬನ ಹೆಸರ ಕೊಟ್ಟು ಹುಡುಕಿದ್ರ ಅಂವ ಕಳಿಸಿದ ನೂರಾರು ತಲಿ ಸಿಗಾಕತ್ವು. ಯಾವುದು ಇದರದ್ದು?

"ಚೆನ್ನವ್ವಾ, ಆ ಕಾಗದ ಯಾವತ್ತ ಬಂತು ನೆನಪೈತೇನು?"

"ತಾರೀಖು ನನಗೆಲ್ಲಿ ಬರ್ತೈತಿ?" ಅಂದಾಕಿ ಬೆರಳ ಮಡಚಿ ಎಣಿಸಿದ್ಲು. "ಪಂಚಮಿ ಮರುದಿನರಿ. ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ರೇಣುಕಾ ಬೇವಿನ ಗಿಡದ ಕೆಳಗ ನಿಂತು ಓದಿದ್ಲು, ನಾವೆಲ್ಲಾ ಅಳ್ಳಿಟ್ಟಿನ ಉಂಡಿ ತಿನ್ನಾಕತ್ತಿದ್ವಿ."

ಹಿಂದಿನ ವರ್ಷದ ಕ್ಯಾಲೆಂಡರ್ ನಮ್ಮ ಕಪಾಟಿನಾಗ ಹಾಸಿದ್ದೆ. ಸಾಮಾನು ಎಲ್ಲಾ ಕೆಳಗಿಟ್ಟು ಜಗ್ಗಿ ತಗದೆ, ಧೂಳ ಝಾಡಿಸಿ ಪಂಚಮಿ ನೋಡಿದೆ, ಮರುದಿನದ ತಾರೀಖು ಕೊಟ್ಟೆ. ಒಂದ ತಲಿ ಸಿಕ್ತು, ಒಂದ. ಅದರ ಕೊನೀ ಸಾಲಿನಾಗ ಒಂದು ಶಬ್ದ ಅರ್ಧಕ್ಕ ಮುರಿದಿತ್ತು. ಇನ್ನೊಂದು ತುಂಡಿನ ಮೊದಲ ಸಾಲು ನೋಡಿದೆ. ಉಳಿದರ್ಧ ಅಲ್ಲಿತ್ತು! ಎರಡೂ ಕೂಡಿಸಿದೆ, ಬರೋಬ್ಬರಿ ಹೊಂದಿದ್ವು. ನಾ ಏನ ಒದರಿದೆನೋ ಗೊತ್ತಿಲ್ಲ, ಬಾಜೂಕಿನ ಹೋಟೆಲ್ಲಿನಾಂವ ಮಿರ್ಚಿ ಕರಿಯೋದು ಬಿಟ್ಟು ಓಡಿ ಬಂದ. ಚೆನ್ನವ್ವ ನನ್ನ ಎರಡೂ ಕೈ ಹಿಡ್ಕೊಂಡು ಅಳಾಕ ಹತ್ತಿದ್ಲು, ನಾನೂ ಅತ್ತೆ. ಸಂಜಿ ಆಗೂದ್ರಾಗ ಒಂದೆರಡು ಬಿಟ್ಟು ಅವರ ಈಮೇಲ್ ಎಲ್ಲಾ ಬಂದ್ವು.

ಸೋಮವಾರ ಸಂಘದ ಆಫೀಸಿನಾಗ ನಲವತ್ತೂ ಮಂದಿ ಚಾಪಿ ಮ್ಯಾಲೆ ಕುಂತಿದ್ರು. ಸಾಹೇಬ ನಮ್ಮ ಕಾಗದ ನೋಡಿ ನಕ್ಕ. "ಇಂಥಾವು ಹತ್ತು ನಾನೂ ಟೈಪ್ ಮಾಡ್ತೇನಿ." ನಾ ದೊಡ್ಡ ಮೇಡಮ್ಮಾರ ಕಡೆ ತಿರುಗಿದೆ. "ಮೇಡಮ್, ಪ್ರತಿಯೊಂದು ಈಮೇಲಿಗೂ ಕಳಿಸೋವಾಗ ಒಂದು ಗುರುತಿನ ನಂಬರ್ ಬೀಳ್ತೈತಿ. ಇದರದ್ದು ಇಲ್ಲೈತಿ. ನಿಮ್ಮ ಕಂಪ್ಯೂಟರ್ ವಿಭಾಗಕ್ಕ ಫೋನ್ ಮಾಡಿ ಈ ನಂಬರ್ ಕೇಳ್ರಿ. ನಿಮ್ಮಲ್ಲಿ ಇರದಿದ್ರ ನಾ ಸುಳ್ಳಿ." ಅವರು ಫೋನ್ ಹಚ್ಚಿ, ನಂಬರ್ ಒಂದೊಂದ ಅಕ್ಷರ ಓದಿ ಹೇಳಿದ್ರು. ಆಮ್ಯಾಲೆ ಕಾಯಬೇಕಾತು. ಅಂಗಳದಾಗ ಕೋಳಿ ಕೆದರೋ ಸಪ್ಪಳ ಕೇಳ್ತಿತ್ತು.

ಆಚೆ ಕಡಿಯವರು ಏನೋ ಹೇಳಿದ್ರು. ಮೇಡಮ್ಮಾರು ಫೋನ್ ಕೆಳಗಿಟ್ಟು, ಸಾಹೇಬನ ಕಡೆ ನೋಡಿ, "ನಂಬರೂ ಐತಿ, ತಾರೀಖೂ ಅದೇ, ಒಳಗ ಕೆಂಪು ಹೆಣ್ಣು ಅಂತನ ಐತಿ. ಕಳಿಸಿದ್ದು ನೀವ" ಅಂದ್ರು. ಸಾಹೇಬ ಕರವಸ್ತ್ರ ಹುಡುಕಾಕತ್ತ. ಮೇಡಮ್ಮಾರು ಎದ್ದು ನಿಂತು ನಲವತ್ತೂ ಮಂದಿಗೆ ಕೈ ಮುಗದು, "ತಪ್ಪು ನಮ್ಮದು. ಬೀಜ ನಾವು ತಗೋತೇವಿ, ಮುಂದೂ ನೀವ ಬೆಳೀಬೇಕು" ಅಂದ್ರು. ಹೆಣ್ಣಮಕ್ಕಳು ಹೋ ಅಂತ ಎದ್ದ ಸದ್ದಿಗೆ ಅಂಗಳದ ಕೋಳಿ ಚೆಲ್ಲಾಪಿಲ್ಲಿ. ಚೆನ್ನವ್ವ ಮಾತ್ರ ಕುಂತಲ್ಲೇ ಕುಂತು, "ಎಲ್ಲಾರೂ ಕೇಳ್ರಿ. ಮೇನ್ ಇಳಿಸಿದಾಕಿ ನಾನು. ಇನ್ನ ಮ್ಯಾಲೆ ರೇಣುಕಾನ್ನ ಯಾರೂ ಅನಬಾರದು" ಅಂದ್ಲು. ಅವತ್ತ ನನಗ ಆಕಿ ಮ್ಯಾಲೆ ಹುಟ್ಟಿದ ಗೌರವ ಇವತ್ತಿಗೂ ಕಮ್ಮಿ ಆಗಿಲ್ಲ.

ಹೊಳ್ಳಿ ಬರೋವಾಗ ಹಾನಗಲ್ಲಿನಾಗ ಇಳದೆ. ದೇಸಾಯಿ ಸರಗ ವಯಸ್ಸಾಗಿತ್ತು, ಕಿವಿ ಮಂದ ಆಗಿತ್ತು. ಎಲ್ಲಾ ಕೂಗಿ ಕೂಗಿ ಹೇಳಿದೆ. ಕಡೀಕ ಅವರು ಕೇಳಿದ್ದು ಒಂದ: "ಮೊದಲ ಏನ ಮಾಡಿದ್ರಿ ಅಕ್ಕೋರ?"

"ಕೈ ತಗದೆರಿ ಸರ."

ಅವರು ತಲಿ ಅಲ್ಲಾಡಿಸಿ, ಚಾ ತರಾಕ ಒಳಗ ಹೇಳಿದ್ರು. ಈ ಸಲದ ಚಾ ನನ್ನ ಗಂಟಲದಾಗ ಸಲೀಸಾಗಿ ಇಳೀತು.

ಈಗ ಅಂಗಡಿ ನಂದಲ್ಲ, ಮಷಿನ್ ಮುಟ್ಟೂದಿಲ್ಲ. ಆದ್ರೂ ವರ್ಷಾ ಖಂಡೇಪೂಜಿ ದಿನ ಮುಂಜಾನೆ ಹಿರೇಕೆರೂರಿನಿಂದ ಫೋನ್ ಬರೋದು ತಪ್ಪಿಲ್ಲ. ಈ ವರ್ಷಾನೂ ಬಂತು. "ಅಕ್ಕೋರ, ರೇಣುಕಾ ಪ್ರತಿ ತಗದು ಕಪಾಟಿನಾಗ ಇಟ್ಟಾಳ. ಪ್ರೋಗ್ರಾಮ್ ಬಂದ್ ಮಾಡ್ಯಾಳ, ಮಷಿನ್ನೂ ಬಂದ್ ಮಾಡ್ಯಾಳ. ಗಂಟಿ ಬಾರಿಸಾಕತ್ತಾರ. ಮೇನ್ ಇಳಿಸ್ಲೇನ್ರಿ?"

"ಪರದೆ ಕರ್ರಗಾಗೇತೇನು, ಬರೋಬ್ಬರಿ ನೋಡಿ ಹೇಳ್ರಿ."

"ಕರ್ರಗಾಗೇತ್ರಿ. ನನ್ನ ಮಾರಿ ಕಾಣಾಕತ್ತೈತಿ ಅದರಾಗ."

"ಹಂಗಾರ ಇಳಸ್ರಿ ಚೆನ್ನವ್ವಾ."

ಫೋನಿನಾಗ ಖಟ್ ಅಂತ ಕೇಳಿಸ್ತು.